ಔಷಧಕ್ಕಿಂತ ಮೊದಲು ಮಾತು ಬೇಕಿತ್ತು

ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾದಿಂದ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನಾಡಿನೊಳಗೆ ಹೋದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅರಿಜೋನಾ ರಾಜ್ಯ ಬೇಸಿಗೆಗೆ ಅಂತ ಸಮಯ ಬದಲಿಸುವುದಿಲ್ಲ. ನವಾಹೊ ನೇಷನ್, ಅಂದರೆ ಆ ಜನರದೇ ಸರ್ಕಾರ ಇರುವ ನಾಡು, ಬದಲಿಸುತ್ತದೆ. ಚೇಂಬರ್ಸ್ ಹತ್ತಿರ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿ ಸ್ವಲ್ಪ ಹೊತ್ತಾಗಿತ್ತು. ಫೋನ್ ತಾನೇ ಸಮಯ ತಿದ್ದಿಕೊಂಡಿತು. ಗೇಟು ಇರಲಿಲ್ಲ, ಕಾವಲಿನವರು ಇರಲಿಲ್ಲ. ಆದರೂ ಇನ್ನೊಂದು ಸರ್ಕಾರದ ನೆಲಕ್ಕೆ ಬಂದಿದ್ದೇವೆ ಅಂತ ಗೊತ್ತಾಯಿತು.

ನಾನು ಹೊರಟಿದ್ದು ವಿಂಡೋ ರಾಕ್‌ಗೆ. ಅದು ನವಾಹೊ ನೇಷನ್ನಿನ ರಾಜಧಾನಿ. ಹೋಗಿದ್ದು ಒಬ್ಬ ಹೆಂಗಸಿನ ಸಲುವಾಗಿ. ಅವರು 1997ರಲ್ಲೇ ತೀರಿಕೊಂಡರು. ಹೆಸರು ಆ್ಯನಿ ಡಾಜ್ ವಾನೇಕಾ. ದಾರಿಯಲ್ಲಿ ಕ್ಲಾಗೆಟೊ ಅನ್ನುವ ಊರು ಬರುತ್ತದೆ. ದೂರ ದೂರಕ್ಕೆ ಒಂದೊಂದು ಮನೆ, ಕೆಂಪು ಮಣ್ಣು, ಗಿಡ್ಡ ಮರಗಳು, ಕುರಿಗಳು. ಕಣ್ಣು ಹಾಯಿಸಿದಷ್ಟೂ ಆಕಾಶ. ಆ್ಯನಿಯವರ ರಾಜಕೀಯ ಶುರುವಾಗಿದ್ದು ಅಲ್ಲಿಂದ.

ಇವರು ನನಗೆ ಸಿಕ್ಕಿದ್ದು ಒಂದು ಮಾತ್ರೆಯಿಂದ. ಅದನ್ನು ಮೊದಲು ಹೇಳಬೇಕು.

ನಮ್ಮಮ್ಮ ಅರಸೀಕೆರೆ ಕಡೆ ಹಳ್ಳಿಗಳಲ್ಲಿ ಎ.ಎನ್.ಎಂ. ಆಗಿದ್ದಳು. ಊರವರ ಬಾಯಲ್ಲಿ ನರ್ಸಮ್ಮ. ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಟಿ.ಬಿ. ರೋಗಿಗಳ ಕೆಂಪು ಡಬ್ಬಿಗಳಿರುತ್ತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ, ಮೇಲೆ ಅವರವರ ಹೆಸರು. ವಾರಕ್ಕೆ ಮೂರು ದಿನ ಅಮ್ಮನ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ಕೆಲವರು ಬರುತ್ತಿದ್ದರು. ಬರದವರ ಮನೆಗೆ ಅಮ್ಮನೇ ಹೋಗುತ್ತಿದ್ದಳು. ಹೋದರೂ ಬಾಗಿಲಲ್ಲಿ ನಿಂತು ಆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಕೇಳಿಸಿದರೆ ಆ ಮನೆಯ ಹುಡುಗಿಯ ಮದುವೆ ನಿಂತುಹೋದೀತು. 'ನಿಮ್ಮ ಕೆಮ್ಮಿನ ಮಾತ್ರೆ' ಅನ್ನುತ್ತಿದ್ದಳು ಅಷ್ಟೆ. ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತ ಅಲ್ಲ, ಮಾತ್ರೆಯ ಬಣ್ಣ, ಹೆದರಬೇಡಿ ಅಂತ ಮೊದಲ ದಿನವೇ ಹೇಳಿಬಿಡುತ್ತಿದ್ದಳು. ಹೇಳದಿದ್ದರೆ ಎರಡನೇ ದಿನಕ್ಕೆ ಮಾತ್ರೆ ತಿಪ್ಪೆಗೆ ಹೋಗುತ್ತಿತ್ತು.

ಆ ಡಬ್ಬಿಯಲ್ಲಿದ್ದ ಮಾತ್ರೆಗಳಲ್ಲಿ ಒಂದು ಐಸೊನಿಯಾಜಿಡ್. ಅದು ಎಲ್ಲಿಂದ ಬಂತು ಅಂತ ಒಂದು ದಿನ ಸುಮ್ನೆ ಓದುತ್ತಾ ಕೂತಿದ್ದೆ. 1952ರಲ್ಲಿ ಆ ಔಷಧ ಹೊಸದಾಗಿ ಬಂದಾಗ ಅದನ್ನು ಪ್ರಯೋಗ ಮಾಡಿ ನೋಡಿದ ಮೊದಮೊದಲ ರೋಗಿಗಳಲ್ಲಿ ನವಾಹೊ ಜನ ಇದ್ದರು. ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದ ಡಾಕ್ಟರುಗಳು ಅಲ್ಲಿಗೆ ಹೋಗಿದ್ದರು. ಅಮ್ಮನ ಬೀರುವಿನ ಮಾತ್ರೆಗೂ ನಾನೀಗ ಇರುವ ರಾಜ್ಯದ ಈ ಕೆಂಪು ಮಣ್ಣಿಗೂ ಸಂಬಂಧ ಇದೆ ಅಂತ ತಿಳಿದಾಗ ಕೂತಲ್ಲಿ ಕೂರಲಾಗಲಿಲ್ಲ. ಇನ್ನೂ ಓದಿದೆ. ಔಷಧ ಬಂದಿದ್ದು ಡಾಕ್ಟರುಗಳ ಕೈಯಿಂದ ನಿಜ. ಆದರೆ ಜನ ಅದನ್ನು ನುಂಗುವ ಹಾಗೆ ಮಾಡಿದ್ದು ಒಬ್ಬ ರಾಜಕಾರಣಿ.

ನವಾಹೊ ಅಂದರೆ ಯಾರು ಅಂತ ಕೇಳುವವರಿಗೆ ಎರಡು ಮಾತು. ಸ್ಪೆಲ್ಲಿಂಗ್ ನೋಡಿ ನಮ್ಮಲ್ಲಿ ನವಾಜೋ ಅನ್ನುವುದುಂಟು. ಅವರು ತಮ್ಮನ್ನು ಕರೆದುಕೊಳ್ಳುವುದು ದಿನೆ ಅಂತ, ಅಂದರೆ ಜನ. ಅವರ ನಾಡು ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರು ರಾಜ್ಯಗಳಲ್ಲಿ ಹರಡಿದೆ. ಸುಮಾರು 27,000 ಚದರ ಮೈಲಿ. ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ. 1864ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ಊರು ಬಿಡಿಸಿ, ಮುನ್ನೂರು ಮೈಲಿಗೂ ಹೆಚ್ಚು ದೂರ ನಡೆಸಿಕೊಂಡು ಹೋಗಿ ಬಾಸ್ಕೆ ರೆಡೊಂಡೊ ಅನ್ನುವ ಜಾಗದಲ್ಲಿ ಕೂಡಿಹಾಕಿತು. ಹಸಿವು, ಚಳಿ, ರೋಗದಿಂದ ಬಹಳ ಜನ ಸತ್ತರು. 1868ರ ಜೂನ್ 1ರಂದು ಒಪ್ಪಂದ ಆಯಿತು. ಉಳಿದವರು ನಡೆದೇ ವಾಪಸ್ ಬಂದರು.

ಹಾಗೆ ವಾಪಸ್ ಬಂದವರಲ್ಲಿ ಚೀ ಡಾಜ್ ಅನ್ನುವ ಒಬ್ಬ ಅನಾಥ ಹುಡುಗ ಇದ್ದ. ಅವನು ಇಂಗ್ಲಿಷ್ ಕಲಿತ, ಸರ್ಕಾರಕ್ಕೂ ನವಾಹೊ ಜನಕ್ಕೂ ನಡುವೆ ದುಭಾಷಿಯಾದ. ಮುಂದೆ ದೊಡ್ಡ ಕುರಿಮಂದೆ ಕಟ್ಟಿ ಸಾಹುಕಾರನಾದ. 1923ರಲ್ಲಿ ನವಾಹೊ ಟ್ರೈಬಲ್ ಕೌನ್ಸಿಲ್ ಅಂತ ಆದಾಗ ಅದರ ಮೊದಲ ಅಧ್ಯಕ್ಷನಾದ. ಆ ಕೌನ್ಸಿಲ್ ಹುಟ್ಟಿದ್ದರ ಹಿಂದೆ ಇನ್ನೊಂದು ಕಾರಣವೂ ಇತ್ತು. ನೆಲದಡಿ ಎಣ್ಣೆ ಸಿಕ್ಕಿತ್ತು. ಎಣ್ಣೆ ಕಂಪನಿಗಳ ಗುತ್ತಿಗೆ ಪತ್ರಕ್ಕೆ ಸಹಿ ಹಾಕಲು ನವಾಹೊ ಜನರ ಪರವಾಗಿ ಯಾರಾದರೂ ಬೇಕಿತ್ತು. ಬೇರೆಯವರು ತಮ್ಮ ಅಗತ್ಯಕ್ಕೆ ಮಾಡಿಸಿದ ಆ ಸಭೆಯನ್ನು ನವಾಹೊ ಜನ ಮುಂದೆ ತಮ್ಮದೇ ಮಾಡಿಕೊಂಡರು. ಅದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ಆ್ಯನಿ ಹುಟ್ಟಿದ್ದು 1910ರಲ್ಲಿ. ಚೀ ಡಾಜ್ ಮಗಳು. ಸಾಹುಕಾರರ ಮನೆಯಾದರೂ ಚಿಕ್ಕವಳಾಗಿದ್ದಾಗ ಕುರಿ ಕಾಯುವ ಕೆಲಸ ತಪ್ಪಲಿಲ್ಲ. ಎಂಟು ವರ್ಷಕ್ಕೆ ಫೋರ್ಟ್ ಡಿಫೈಯನ್ಸ್‌ನ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅದು 1918. ಆ ವರ್ಷದ ಇನ್‌ಫ್ಲುಯೆಂಜಾ ಶಾಲೆಗೂ ಬಂತು. ಮಕ್ಕಳು ಸಾಯತೊಡಗಿದರು. ಆ್ಯನಿಗೆ ಜ್ವರ ಬಂದು ಬೇಗ ಬಿಟ್ಟಿತು. ಗುಣವಾದ ಮೇಲೆ ಆ ಪುಟ್ಟ ಹುಡುಗಿ ನರ್ಸ್ ಜೊತೆ ಸೇರಿ ಬೇರೆ ಮಕ್ಕಳ ಆರೈಕೆಗೆ ನಿಂತಳು. ಎಂಟು ವರ್ಷದ ಮಗು ತನ್ನ ಓರಗೆಯವರ ಹೆಣ ಹೊರಗೆ ಹೋಗುವುದನ್ನು ನೋಡಿದರೆ ಆ ಮನಸ್ಸಿನಲ್ಲಿ ಏನು ಕೂತಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮದುವೆ, ಮಕ್ಕಳು, ಕುರಿ, ದನ. ಅದರ ಜೊತೆಗೆ ಅಪ್ಪನ ಹಿಂದೆ ಸಭೆಗಳಿಗೆ ಹೋಗುವುದು. ಚೀ ಡಾಜ್ 1947ರಲ್ಲಿ ತೀರಿಕೊಂಡರು. ಸಾಯುವ ಮೊದಲು ಮಕ್ಕಳನ್ನು ಕರೆದು, ನಾನು ನೆಟ್ಟಗೆ ಹಿಡಿದ ಹಗ್ಗ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಯಾರಾದರೂ ಒಬ್ಬರು ಎತ್ತಿಕೊಳ್ಳಿ ಅಂದರು ಅಂತ ಹೇಳುತ್ತಾರೆ. ಕುರಿ ದನ ಸಾಕಿದವರ ಮಾತು. ನಮ್ಮಜ್ಜನೂ ಇಂಥದ್ದೇ ಏನೋ ಹೇಳುತ್ತಿದ್ದರೇನೋ.

1951ರಲ್ಲಿ ಆ್ಯನಿ ಕೌನ್ಸಿಲ್‌ಗೆ ಆರಿಸಿ ಬಂದರು. ಅವರಿಗೆ ಮೊದಲು 1946ರಲ್ಲಿ ಲಿಲಿ ನೀಲ್ ಅನ್ನುವವರು ಗೆದ್ದಿದ್ದರು. ಆ್ಯನಿ ಎರಡನೆಯ ಮಹಿಳೆ. ಇಲ್ಲಿ ಇನ್ನೊಂದು ವರ್ಷ ನೆನಪಿಡಬೇಕು. ಅಮೆರಿಕದ ಮೂಲನಿವಾಸಿಗಳೆಲ್ಲ ಆ ದೇಶದ ಪ್ರಜೆಗಳು ಅಂತ 1924ರಲ್ಲೇ ಕಾನೂನಾಗಿತ್ತು. ಆದರೂ ಅರಿಜೋನಾ ಅವರಿಗೆ ಮತ ಹಾಕಲು ಬಿಟ್ಟಿರಲಿಲ್ಲ. ಸರ್ಕಾರದ ಪೋಷಣೆಯಲ್ಲಿ ಇರುವವರು, ಅಪ್ರಾಪ್ತರಿದ್ದ ಹಾಗೆ ಅನ್ನುವ ವಾದ. 1948ರಲ್ಲಿ ಕೋರ್ಟು ಅದನ್ನು ತೆಗೆದುಹಾಕಿತು. ಆಗ ಆ್ಯನಿಗೆ 38 ವರ್ಷ. ಅಲ್ಲಿಯವರೆಗೆ ಸ್ವಂತ ರಾಜ್ಯದಲ್ಲಿ ಒಂದು ಮತ ಹಾಕಲಾಗದ ಹೆಂಗಸು, ಹದಿನೈದು ವರ್ಷದಲ್ಲಿ ಶ್ವೇತಭವನದಲ್ಲಿ ನಿಂತರು.

ನವಾಹೊ ಸಮಾಜದಲ್ಲಿ ಹೆಂಗಸಿನ ಜಾಗ ಕೇಳಿದರೆ ನಮಗೆ ಆಶ್ಚರ್ಯ ಆಗುತ್ತದೆ. ಅಲ್ಲಿ ಮಗುವಿಗೆ ತಾಯಿಯ ಕುಲ. ತನ್ನ ಪರಿಚಯ ಹೇಳಿಕೊಳ್ಳುವಾಗ ಮೊದಲು ತಾಯಿಯ ಕುಲ ಹೇಳಬೇಕು, ಆಮೇಲೆ ತಂದೆಯದು. ಮನೆ ಹೆಂಗಸಿನದು, ಕುರಿಗಳೂ ಹೆಂಗಸಿನದು. ಇಷ್ಟೆಲ್ಲ ಇದ್ದೂ ಅಧಿಕಾರದ ಕುರ್ಚಿ ಹೆಂಗಸಿಗೆ ಸಲ್ಲದು ಅನ್ನುವ ಮಾತೂ ಅಲ್ಲಿತ್ತು. ಇವತ್ತಿಗೂ ಪೂರ್ತಿ ಹೋಗಿಲ್ಲ. 2006ರಲ್ಲಿ, ಮತ್ತೆ 2010ರಲ್ಲಿ ಲಿಂಡಾ ಲವ್‌ಜಾಯ್ ಅನ್ನುವವರು ನವಾಹೊ ಅಧ್ಯಕ್ಷ ಸ್ಥಾನಕ್ಕೆ ಕೊನೆಯ ಸುತ್ತಿನವರೆಗೂ ಬಂದರು. ಎರಡು ಸಲವೂ ಸೋತರು. ಆಗ ಅವರ ವಿರುದ್ಧ ಹಳೆಯ ಕಥೆಗಳನ್ನು ತೆಗೆದು ತೋರಿಸಿದವರಿದ್ದರು. ಮನೆಯ ಯಜಮಾನಿ ಆಗಬಹುದು, ಊರಿನ ಯಜಮಾನಿ ಆಗಬಾರದು. ಈ ಮಾತು ನಮಗೇನೂ ಹೊಸದಲ್ಲ ಅಲ್ವಾ.

ಕೌನ್ಸಿಲ್‌ನಲ್ಲಿ ಆ್ಯನಿಗೆ ಕೊಟ್ಟಿದ್ದು ಆರೋಗ್ಯ ಸಮಿತಿ. ಹೆಂಗಸು, ಹಾಗಾಗಿ ಕಾಯಿಲೆ ಕಸಾಲೆ ನೋಡಿಕೊಳ್ಳಲಿ ಅನ್ನುವ ಲೆಕ್ಕ. ಆದರೆ ಆ ಹೊತ್ತಿಗೆ ನವಾಹೊ ನಾಡಿನಲ್ಲಿ ಟಿ.ಬಿ.ಗಿಂತ ದೊಡ್ಡ ರಾಜಕೀಯ ಇನ್ನೊಂದಿರಲಿಲ್ಲ. ಅಮೆರಿಕದ ಉಳಿದ ಜನರಿಗಿಂತ ಎಷ್ಟೋ ಪಟ್ಟು ಜಾಸ್ತಿ ಜನ ಅಲ್ಲಿ ಟಿ.ಬಿ.ಯಿಂದ ಸಾಯುತ್ತಿದ್ದರು. ಔಷಧ ಬಂದಿತ್ತು. ಹಾಸಿಗೆ ಇತ್ತು. ರೋಗಿಗಳು ಮಾತ್ರ ಆಸ್ಪತ್ರೆಯಿಂದ ಎದ್ದು ಹೋಗುತ್ತಿದ್ದರು.

ಯಾಕೆ ಹೋಗುತ್ತಿದ್ದರು? ಡಾಕ್ಟರುಗಳಿಗೆ ಅರ್ಥ ಆಗುತ್ತಿರಲಿಲ್ಲ. ನವಾಹೊ ಜನರ ಮನೆಗೆ ಹೋಗನ್ ಅಂತ ಹೆಸರು. ಮರದ ದಿಮ್ಮಿ, ಮಣ್ಣಿನಿಂದ ಕಟ್ಟಿದ್ದು, ಬಾಗಿಲು ಪೂರ್ವಕ್ಕೆ. ಆ ಮನೆಯೊಳಗೆ ಯಾರಾದರೂ ಸತ್ತರೆ ಮನೆಯನ್ನೇ ಬಿಟ್ಟು ಹೋಗುತ್ತಾರೆ. ಸತ್ತವರ ಕೆಟ್ಟ ನೆರಳು ಅಲ್ಲಿ ಉಳಿಯುತ್ತದೆ ಅನ್ನುವ ನಂಬಿಕೆ. ಹೀಗಿರುವಾಗ ಆಸ್ಪತ್ರೆ ಅಂದರೇನು? ದಿನವೂ ಯಾರೋ ಸಾಯುವ ಕಟ್ಟಡ. ಬೇರೆಯವರು ಸತ್ತ ಹಾಸಿಗೆಯಲ್ಲೇ ಇವರನ್ನು ಮಲಗಿಸುತ್ತಾರೆ. ಮೇಲಾಗಿ ಎಷ್ಟೋ ರೋಗಿಗಳನ್ನು ದೂರದ ಸ್ಯಾನಿಟೋರಿಯಂಗಳಿಗೆ, ಅಂದರೆ ಟಿ.ಬಿ. ಆಸ್ಪತ್ರೆಗಳಿಗೆ, ಕಳಿಸುತ್ತಿದ್ದರು. ಅಲ್ಲಿ ಒಬ್ಬರೂ ನವಾಹೊ ಮಾತಾಡುವವರಿಲ್ಲ. ತಿಂಗಳುಗಟ್ಟಲೆ ಬಾಯಿ ಬಿಡದೆ ಮಲಗಿರಬೇಕು. ಯಾರು ಇರುತ್ತಾರೆ ಹೇಳಿ?

ಇದರ ಹಿಂದೆ ಇನ್ನೊಂದು ಗಾಯವೂ ಇತ್ತು. 1930ರ ದಶಕದಲ್ಲಿ ವಾಷಿಂಗ್ಟನ್ ಸರ್ಕಾರ, ಕುರಿಗಳು ಜಾಸ್ತಿಯಾಗಿ ನೆಲ ಸವೆಯುತ್ತಿದೆ ಅಂತ ನವಾಹೊ ಜನರ ಕುರಿ, ಮೇಕೆ, ಕುದುರೆಗಳನ್ನು ಬಲವಂತವಾಗಿ ಕಡಿಮೆ ಮಾಡಿಸಿತು. ಎಷ್ಟೋ ಕಡೆ ಕಣ್ಣೆದುರೇ ಗುಂಡಿಟ್ಟು ಕೊಂದು ಹಾಗೇ ಬಿಟ್ಟುಹೋದರು. ಆ ಕುರಿಗಳು ಹೆಂಗಸರದ್ದು. ಒಂದು ಮನೆಯ ಅನ್ನ, ಬಟ್ಟೆ, ಮಾನ ಎಲ್ಲ ಅದೇ. ಹಾಗೆ ಮಾಡಿದ ಸರ್ಕಾರದ ಜೀಪಿನಿಂದಲೇ ಡಾಕ್ಟರೂ ಇಳಿದರೆ ಅವರು ಕೊಟ್ಟ ಮಾತ್ರೆಯನ್ನು ಯಾಕೆ ನಂಬಬೇಕು? ಈ ಜನ ತಿಳಿವಳಿಕೆ ಇಲ್ಲದವರು ಅಂತ ಹೊರಗಿನವರು ಬರೆದಿಟ್ಟರು. ನನಗೆ ಹಾಗೆ ಕಾಣುವುದಿಲ್ಲ. ಅವರಿಗೆ ಚೆನ್ನಾಗಿ ನೆನಪಿತ್ತು, ಅಷ್ಟೆ.

ಆ್ಯನಿ ಭಾಷಣಕ್ಕೆ ಹೊರಡಲಿಲ್ಲ. ಮೊದಲು ತಾವೇ ಕಲಿತರು. ಡಾಕ್ಟರುಗಳ ಜೊತೆ ಕೂತು ಈ ಕಾಯಿಲೆ ಏನು, ಹೇಗೆ ಹರಡುತ್ತದೆ, ಮಾತ್ರೆ ನಡುವೆ ನಿಲ್ಲಿಸಿದರೆ ಏನಾಗುತ್ತದೆ ಎಲ್ಲ ಕೇಳಿದರು. ಆಮೇಲೆ ಎದುರಾಗಿದ್ದು ಮಾತಿನ ಸಮಸ್ಯೆ. ನವಾಹೊ ಭಾಷೆಯಲ್ಲಿ ಟಿ.ಬಿ.ಗೆ ಇರುವ ಹೆಸರಿನ ಅರ್ಥ, ಎದೆಯೊಳಗಿನದು ಇಲ್ಲದಂತಾಗುವುದು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಕ್ಷಯ ಅನ್ನುವ ಪದಕ್ಕೂ ಅದೇ ಅರ್ಥ, ಸವೆದು ಸವೆದು ಕಡಿಮೆಯಾಗುವುದು. ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ಸಂಕಟ ನೋಡಿ ಒಂದೇ ಹೆಸರಿಟ್ಟಿದ್ದಾರೆ.

ಆದರೆ ಹೆಸರಿದ್ದರೆ ಸಾಲದು. ಸಿಡಿಲು ಬಡಿದ ಮರದ ಹತ್ತಿರ ಹೋದವರಿಗೆ ಈ ಕೆಮ್ಮು ಬರುತ್ತದೆ ಅಂತ ಜನ ನಂಬಿದ್ದರು. ಕಣ್ಣಿಗೆ ಕಾಣದ ರೋಗಾಣು ಅನ್ನುವುದಕ್ಕೆ ಅವರ ಭಾಷೆಯಲ್ಲಿ ಪದ ಇರಲಿಲ್ಲ. ಆ್ಯನಿ ಅದನ್ನು ಮೈಯನ್ನು ತಿನ್ನುವ ಹುಳುಗಳು ಅಂತ ಬಿಡಿಸಿ ಹೇಳಿದರು. ಕುರಿಯ ಉಣ್ಣೆಯಲ್ಲಿ ಹುಳ ನೋಡಿದವರಿಗೆ, ಒಳಗೂ ಹುಳ ಇರಬಹುದು ಅನ್ನುವುದು ಅರ್ಥವಾಗುತ್ತದೆ. ಇಂಗ್ಲಿಷಿನ ವೈದ್ಯಕೀಯ ಪದಗಳನ್ನು ನವಾಹೊ ಭಾಷೆಗೆ ತರುವ ಒಂದು ಪದಕೋಶದ ಕೆಲಸಕ್ಕೂ ಅವರು ಕೈಹಾಕಿದರು. ಗ್ಯಾಲಪ್ ಊರಿನ ರೇಡಿಯೋದಲ್ಲಿ ನವಾಹೊ ಭಾಷೆಯಲ್ಲೇ ಆರೋಗ್ಯದ ಕಾರ್ಯಕ್ರಮ ನಡೆಸಿದರು. ಮಗುವಿಗೆ ಭೇದಿಯಾದರೆ ಏನು ಮಾಡಬೇಕು, ನೀರು ಎಲ್ಲಿಂದ ತರಬೇಕು, ಮನೆಗೆ ಕಿಟಕಿ ಯಾಕೆ ಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ದೂರ ಇರುವ ನಾಡಿನಲ್ಲಿ ಆ ದನಿ ಎಷ್ಟು ಮನೆಗಳ ಒಳಗೆ ಹೋಗಿರಬೇಡ.

ನನಗೆ ಇವರಲ್ಲಿ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಅವರು ನಾಟಿ ವೈದ್ಯರನ್ನು ದೂರ ತಳ್ಳಲಿಲ್ಲ. ನವಾಹೊ ಜನರಲ್ಲಿ ರೋಗ ಬಂದರೆ ಹಾಡು, ಪೂಜೆ, ಮರಳಿನ ಚಿತ್ರ ಬಿಡಿಸಿ ಮಾಡುವ ವಿಧಿಗಳಿವೆ. ಕೆಲವು ಹಲವು ರಾತ್ರಿ ನಡೆಯುತ್ತವೆ. ಆ್ಯನಿ ಆ ವೈದ್ಯರ ಹತ್ತಿರ ಹೋಗಿ ಕೂತು ಮಾತಾಡಿದರು. ನೀವು ನಿಮ್ಮ ವಿಧಿ ಮಾಡಿ, ಆದರೆ ರೋಗಿಯನ್ನು ಆಸ್ಪತ್ರೆಗೂ ಕಳಿಸಿ ಅಂದರು. ಈ ಕಡೆ ಡಾಕ್ಟರುಗಳಿಗೂ, ಅವರ ವಿಧಿಗೆ ಅಡ್ಡ ಬರಬೇಡಿ ಅಂದರು. ಅಮ್ಮನೂ ಹೀಗೇ ಮಾಡುತ್ತಿದ್ದಳು. ದೇವರಿಗೆ ಹರಕೆ ಹೊತ್ತವರಿಗೆ ಬೇಡ ಅನ್ನುತ್ತಿರಲಿಲ್ಲ. ಹರಕೆ ತೀರಿಸೋದಕ್ಕಾದರೂ ಬದುಕಿರಬೇಕಲ್ಲ, ಮಾತ್ರೆ ನುಂಗು ಅನ್ನುತ್ತಿದ್ದಳು.

ಮಾತ್ರೆ ಬಿಟ್ಟು ಓಡಿಹೋದ ರೋಗಿಗಳನ್ನು ಆ್ಯನಿ ಹುಡುಕಿಕೊಂಡು ಮನೆಮನೆಗೆ ಹೋದರು. ದೂರದ ಸ್ಯಾನಿಟೋರಿಯಂಗಳಿಗೆ ಹೋಗಿ ಹಾಸಿಗೆ ಪಕ್ಕ ಕೂತು ಅವರ ಭಾಷೆಯಲ್ಲಿ ಮಾತಾಡಿದರು. ಊರ ಸುದ್ದಿ ಹೇಳಿದರು. ಅಷ್ಟಕ್ಕೇ ಎಷ್ಟೋ ಜನ ಉಳಿದುಕೊಂಡರು.

ಅಲ್ಲಿಂದ ಅವರ ದಾರಿ ವಾಷಿಂಗ್ಟನ್‌ಗೆ ಹೋಯಿತು. ಸರ್ಜನ್ ಜನರಲ್, ಅಂದರೆ ದೇಶದ ಸಾರ್ವಜನಿಕ ಆರೋಗ್ಯದ ದೊಡ್ಡ ಡಾಕ್ಟರು, ಅವರಿಗೆ ಸಲಹೆ ಕೊಡುವ ಸಮಿತಿಯಲ್ಲಿ ಕೂತರು. 1955ರಲ್ಲಿ ಮೂಲನಿವಾಸಿಗಳ ಆರೋಗ್ಯದ ಹೊಣೆ ಇಂಡಿಯನ್ (ಅಲ್ಲಿ ಮೂಲನಿವಾಸಿಗಳಿಗೆ ಹೇಳುವ ಹೆಸರು) ವ್ಯವಹಾರಗಳ ಇಲಾಖೆಯಿಂದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಹೋಯಿತು. ಆ ಕಾಲದಲ್ಲಿ ದುಡ್ಡು ಕೇಳಲು, ಆಸ್ಪತ್ರೆ ಕೇಳಲು, ನೀರು ಕೇಳಲು ಹೋಗುತ್ತಿದ್ದವರಲ್ಲಿ ಇವರೂ ಒಬ್ಬರು. ಮಖಮಲ್ಲಿನ ರವಿಕೆ, ಉದ್ದ ಲಂಗ, ಕತ್ತಿನ ತುಂಬ ನೀಲಿ ಹರಳಿನ ಸರ. ಫೋಟೋಗಳಲ್ಲಿ ಎತ್ತರಕ್ಕೆ, ಗಟ್ಟಿಯಾಗಿ ನಿಂತಿರುತ್ತಾರೆ. 1963ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂಗೆ ಆರಿಸಿದರು. ಆ ದೇಶದ ಜನಸಾಮಾನ್ಯರಿಗೆ ಕೊಡುವ ಅತಿ ದೊಡ್ಡ ಗೌರವ ಅದು. ಪದಕ ಕೊಡುವ ದಿನ ಬರುವಷ್ಟರಲ್ಲಿ ಕೆನಡಿ ಹತ್ಯೆಯಾಗಿತ್ತು. ಡಿಸೆಂಬರ್ 6ರಂದು ಹೊಸ ಅಧ್ಯಕ್ಷ ಜಾನ್ಸನ್ ಅವರ ಕೈಯಿಂದ ಅದನ್ನು ತೆಗೆದುಕೊಂಡರು. ಅದನ್ನು ಪಡೆದ ಮೊದಲ ಮೂಲನಿವಾಸಿ.

ಬರೀ ಹೊಗಳಿ ಮುಗಿಸಿದರೆ ಅವರಿಗೆ ನ್ಯಾಯ ಮಾಡಿದ ಹಾಗಾಗುವುದಿಲ್ಲ. 1968ರ ಆಗಸ್ಟ್‌ನಲ್ಲಿ ವಿಂಡೋ ರಾಕ್‌ನ ಒಂದು ಸಭೆಯಲ್ಲಿ ಹೊಸ ಕಾನೂನೊಂದರ ಚರ್ಚೆ ನಡೆದಿತ್ತು. ಬೇಡದವರನ್ನು ತಮ್ಮ ನೆಲದಿಂದ ಹೊರಗೆ ಕಳಿಸುವ ಹಕ್ಕು ನವಾಹೊ ಕೌನ್ಸಿಲ್‌ಗೆ ಉಳಿಯುತ್ತದಾ ಅನ್ನುವ ಪ್ರಶ್ನೆ ಬಂತು. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆ ನಡೆಸುತ್ತಿದ್ದ ಬಿಳಿಯ ವಕೀಲರೊಬ್ಬರು ಅಲ್ಲಿ ನಕ್ಕರು. ಮರುದಿನ ಆ್ಯನಿ ಅವರಿಗೆ ಹೊಡೆದರು. ಕೌನ್ಸಿಲ್‌ನ ಸಮಿತಿ ಆ ವಕೀಲರನ್ನು ನಾಡಿನಿಂದ ಹೊರಗೆ ಹಾಕಿತು. ಫೆಡರಲ್ ಕೋರ್ಟು ಅದು ತಪ್ಪು ಅಂತ ಹೇಳಿತು. ನನಗೂ ಅದು ತಪ್ಪು ಅನ್ನಿಸುತ್ತದೆ. ಆ ವಕೀಲರ ಸಂಸ್ಥೆಯಿಂದ ಬಡ ನವಾಹೊ ಜನರಿಗೆ ನಿಜವಾಗಿ ಸಹಾಯ ಆಗುತ್ತಿತ್ತು. ಆದರೆ 1868ರ ಒಪ್ಪಂದದಲ್ಲಿ ಉಳಿಸಿಕೊಂಡ ಹಕ್ಕಿನ ಮಾತು ಬಂದಾಗ ಹೊರಗಿನವರು ನಗುವುದು ಏನು ಅಂತ ನಾನು ಊಹಿಸಬಲ್ಲೆ. ಅಪ್ಪ ಆ ಬಂಧನದಿಂದ ನಡೆದು ಬಂದವರು. ಮಗಳ ಕೈ ಎದ್ದಿತು.

ಸುಮಾರು ಮೂರು ದಶಕ ಕೌನ್ಸಿಲ್‌ನಲ್ಲಿದ್ದರು. 1984ರಲ್ಲಿ ನವಾಹೊ ನೇಷನ್ ಅವರನ್ನು ನವಾಹೊ ಜನರ ತಾಯಿ ಅಂತ ಗೌರವಿಸಿತು.

ಅಮೆರಿಕದ ಸಂಸತ್ತಿಗೆ ಅವರು ಎಂದೂ ಆರಿಸಿ ಹೋಗಲಿಲ್ಲ. 2018ರಲ್ಲಿ ಮೊದಲ ಬಾರಿಗೆ ಇಬ್ಬರು ಮೂಲನಿವಾಸಿ ಮಹಿಳೆಯರು ಗೆದ್ದರು. ಲಗೂನಾ ಪ್ಯೂಬ್ಲೊದ ಡೆಬ್ ಹಾಲಂಡ್, ಹೋ-ಚಂಕ್ ಜನರ ಶರೀಸ್ ಡೇವಿಡ್ಸ್. 2021ರಲ್ಲಿ ಹಾಲಂಡ್ ಮಂತ್ರಿಯಾದರು. ಇಬ್ಬರೂ ನವಾಹೊ ಅಲ್ಲ. ಹಾಗಾದರೆ ಆ್ಯನಿಯವರದು ರಾಷ್ಟ್ರ ಮಟ್ಟದ ರಾಜಕಾರಣ ಅಲ್ಲವಾ ಅಂತ ನನ್ನನ್ನು ನಾನೇ ಕೇಳಿಕೊಂಡೆ. ಆಮೇಲೆ ಫೋನಿನಲ್ಲಿ ಬದಲಾದ ಸಮಯ ನೆನಪಾಯಿತು. ನಾನು ನಿಂತಿದ್ದೇ ಒಂದು ರಾಷ್ಟ್ರದಲ್ಲಿ. ಅವರು ಆ ರಾಷ್ಟ್ರದ ಸಭೆಯಲ್ಲಿ ಕೂತು, ಸುತ್ತಲಿನ ಇನ್ನೊಂದು ರಾಷ್ಟ್ರವನ್ನು ಮಾತಿಗೆ ಎಳೆದರು.

ಆ ಸಭಾಂಗಣ ಈಗಲೂ ಇದೆ. 1930ರ ದಶಕದಲ್ಲಿ ಕೆಂಪು ಕಲ್ಲಿನಲ್ಲಿ ಕಟ್ಟಿದ್ದು. ಎಂಟು ಮೂಲೆಯ ದೊಡ್ಡ ಹೋಗನ್ ಅದು, ಬಾಗಿಲು ಪೂರ್ವಕ್ಕೆ. ಒಳಗೆ ಗೋಡೆ ತುಂಬ ಜೆರಾಲ್ಡ್ ನೈಲರ್ ಅನ್ನುವ ನವಾಹೊ ಕಲಾವಿದರು ಬಿಡಿಸಿದ ತಮ್ಮ ಜನರ ಚರಿತ್ರೆಯ ಚಿತ್ರಗಳಿವೆ. 2023ರಲ್ಲಿ ಈ ಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕ್ರಿಸ್ಟಲಿನ್ ಕರ್ಲಿ ಕೂತರು, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅದೇ ವರ್ಷ ರಿಶೆಲ್ ಮೊಂಟೊಯಾ ನವಾಹೊ ನೇಷನ್ನಿನ ಮೊದಲ ಮಹಿಳಾ ಉಪಾಧ್ಯಕ್ಷರಾದರು. ಅಧ್ಯಕ್ಷ ಸ್ಥಾನಕ್ಕೆ ಇನ್ನೂ ಹೆಂಗಸು ಬರಬೇಕಿದೆ. ನಲ್ಲಿಯಲ್ಲಿ ನೀರು ಬರದ ಮನೆಗಳು ಇವತ್ತಿಗೂ ಸಾವಿರಾರು ಇವೆ. ನೀರಿಗಾಗಿ ನವಾಹೊ ನೇಷನ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 2023ರಲ್ಲಿ ಒಂದೇ ಮತದ ಅಂತರದಲ್ಲಿ ಸೋತಿತು. ಆ್ಯನಿ ರೇಡಿಯೋದಲ್ಲಿ ಹೇಳುತ್ತಿದ್ದ ನೀರಿನ ಮಾತು ಇನ್ನೂ ಮುಗಿದಿಲ್ಲ.

ರಾತ್ರಿ ಹೋಟೆಲಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಕಾಫಿ ಹೊತ್ತು. ಎಲ್ಲ ಹೇಳಿದೆ. ಕೆನಡಿ, ಪದಕ, ಕಪ್ಪು ಬಿಳುಪು ಫೋಟೋ. ಅಮ್ಮ ಹೂಂ ಹೂಂ ಅನ್ನುತ್ತಾ ಕೇಳಿದಳು. ಪದಕದ ವಿಷಯಕ್ಕೆ ಏನೂ ಕೇಳಲಿಲ್ಲ.

"ಆಯಮ್ಮ ಮನೆಮನೆಗೆ ಹೇಗೆ ಹೋಗ್ತಿದ್ರಂತೆ?"

"ಗಾಡಿ ಇತ್ತಮ್ಮ. ಮಣ್ಣಿನ ರಸ್ತೆ. ಒಂದು ಮನೆಗೂ ಇನ್ನೊಂದಕ್ಕೂ ಬಹಳ ದೂರ."

"ಮಳೆ ಬಂದ್ರೆ?"

"ಕೆಸರು. ಇವತ್ತು ನಾನೇ ನೋಡಿದೆ, ಗಾಡಿ ಹೂತುಹೋಗತ್ತೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಮಾತ್ರೆ ತಗೊಂಡ್ರಾ ಅವ್ರೆಲ್ಲ?"

"ತಗೊಂಡ್ರಮ್ಮ."

"ಪೂರ್ತಿ ಮುಗಿಸಿದ್ರಾ?"